ಚಿಕ್ಕಪ್ಪನ ಫಾರ್ವರ್ಡು ಮತ್ತು ಕೊಚ್ಚಿಯ ವ್ಯಾನ್ ಬಾಡಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಶಿವಮೊಗ್ಗದ ಚಿಕ್ಕಪ್ಪ ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡು ಹಾಕಿದರು. ತಲೆಯ ಮೇಲೆ ಎರಡು ಬಾಣ, ಬುಡದಲ್ಲಿ ಮೂರು ಜೋಡಿ ಮುಗಿದ ಕೈ, ನಡುವೆ ಈ ಒಕ್ಕಣೆ:

“ಅಮೆರಿಕದ ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ ಯಹೂದಿ ವಿದ್ಯಾರ್ಥಿಗಳಿಗೆ ಧರ್ಮ ಕಲಿಸಲು ಸರ್ಕಾರಿ ಸಂಬಳದ ಸಿಬ್ಬಂದಿಗೆ ವಿಶೇಷ ತರಬೇತಿ! ಧರ್ಮದ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದರೆ ಪದವಿ ಇಲ್ಲ!! ನಮ್ಮ ಮಕ್ಕಳು? ರೀಲ್ಸ್ ನೋಡುತ್ತಿದ್ದಾರೆ. ಹತ್ತು ಜನರಿಗೆ ಕಳುಹಿಸಿ.”

ಚಿಕ್ಕಪ್ಪ ಇದನ್ನು ಪೂರ್ತಿ ಓದಿದ್ದರು ಎನ್ನುವುದಕ್ಕೆ ಪುರಾವೆ ಇಲ್ಲ. ಓದುವ ಅಗತ್ಯವೂ ಇರಲಿಲ್ಲ. ಅವರ ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ, ಸಂಧ್ಯಾವಂದನೆ ಬಿಟ್ಟು ಬಹಳ ಕಾಲವಾಗಿದೆ. ‘ರೀಲ್ಸ್’ ಎಂಬ ಒಂದೇ ಪದ ಅವರ ಪಾಲಿಗೆ ಇಡೀ ಲೇಖನವಾಗಿತ್ತು.

ಮುಂದಿನದನ್ನು ಓದುವವರಿಗೆ ನಮ್ಮ ಗುಂಪಿನ ಒಂದು ಕಟ್ಟುಪಾಡು ಗೊತ್ತಿರಲಿ. ಇಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಂತಿಲ್ಲ, ಮಾತಾಡಿದ ಹಾಗೆ ಇಳಿಸುವಂತೆಯೂ ಇಲ್ಲ. ಬರೆದರೆ, ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ದೊಡ್ಡಪ್ಪ ತಿದ್ದಿ ಅಲ್ಲೇ ಹಿಂದಿರುಗಿಸುತ್ತಾರೆ. ಹೀಗಾಗಿ ನಮ್ಮ ಮನೆಯ ಜಗಳಗಳೆಲ್ಲ ಪಠ್ಯಪುಸ್ತಕದ ಕನ್ನಡದಲ್ಲಿ ನಡೆಯುತ್ತವೆ.

ಭಾವ: ಆಧಾರ ಎಲ್ಲಿ?

(ಭಾವ ಎಂದರೆ ದೊಡ್ಡಪ್ಪನ ಅಳಿಯ. ಬ್ಯಾಂಕಿನ ತಪಾಸಣಾ ವಿಭಾಗದಲ್ಲಿದ್ದವರು. ಮದುವೆಯ ಆಮಂತ್ರಣ ಪತ್ರಿಕೆ ಹಾಕಿದರೂ ಮೊದಲ ಪ್ರಶ್ನೆ ಇದೇ.)

ಚಿಕ್ಕಪ್ಪ: ನನಗೆ ಬಂದದ್ದನ್ನು ಕಳುಹಿಸಿದ್ದೇನೆ.

ಭಾವ: ಬಂದದ್ದನ್ನೆಲ್ಲ ಮುಂದಕ್ಕೆ ತಲುಪಿಸಲು ಅಂಚೆ ಇಲಾಖೆ ಇದೆ. ಅಮೆರಿಕದ ಸಂವಿಧಾನಕ್ಕೆ ಮೊದಲ ತಿದ್ದುಪಡಿಯಾದದ್ದು 1791ರಲ್ಲಿ. ಅಂದಿನಿಂದ ಅಲ್ಲಿನ ಸರ್ಕಾರ ಯಾವ ಧರ್ಮವನ್ನೂ ತನ್ನದಾಗಿಸಿಕೊಳ್ಳುವಂತಿಲ್ಲ. ಸರ್ಕಾರಿ ಸಂಬಳ ಕೊಟ್ಟು ಧರ್ಮದ ಪರೀಕ್ಷೆ ನಡೆಸುವುದು ಹೇಗೆ?

ದೊಡ್ಡಪ್ಪ: ಆಧಾರ ಇರಲಿ ಬಿಡಲಿ, ಅದರಲ್ಲಿರುವ ನೀತಿಯನ್ನು ತೆಗೆದುಕೊಳ್ಳಬಾರದೇ? ಯಾವ ಜನಾಂಗ ತನ್ನ ಮಕ್ಕಳಿಗೆ ತನ್ನದನ್ನು ಹೇಳಿಕೊಡುವುದಿಲ್ಲವೋ ಅದು ಎರಡು ತಲೆಮಾರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದ ಹಾಗೆ ಬದುಕುತ್ತದೆ.

ಭಾವ: ಸುಳ್ಳಿನಿಂದಲೇ ನೀತಿ ತೆಗೆಯುವುದಾದರೆ ನರಿ, ಕಾಗೆ ಸಾಕು ಮಾವ. ಯಹೂದಿಗಳೇಕೆ?

ಇಷ್ಟಾಗುವಾಗ ಮೈಸೂರಿನ ಅತ್ತೆ ಎದ್ದಿದ್ದರು.

ಅತ್ತೆ: ಯಹೂದಿ ಎಂದಾಗ ನೆನಪಾಯಿತು. 1987ರಲ್ಲಿ ನಾವೆಲ್ಲ ಕೇರಳಕ್ಕೆ ಹೋದಾಗ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಅವರ ಪ್ರಾರ್ಥನಾ ಮಂದಿರವನ್ನು ನೋಡಿದ್ದೆವಲ್ಲ? ನೆಲಕ್ಕೆಲ್ಲ ಕೈಯಲ್ಲಿ ನೀಲಿ ಚಿತ್ರ ಬರೆದ ಚೀನಾದ ಬಿಲ್ಲೆಗಳು. ಚಪ್ಪಲಿ ಹೊರಗೆ ಬಿಡಬೇಕು ಎಂದಾಗ ಅಮ್ಮನಿಗೆ ಎಷ್ಟು ಸಮಾಧಾನ! ‘ಹಾಗಾದರೆ ಇದು ದೇವಸ್ಥಾನವೇ’ ಎಂದು ಒಳಗೆ ಹೋಗಿ ಕೈಮುಗಿದಳು.

ಅದು 1568ರಲ್ಲಿ ಕಟ್ಟಿದ್ದು ಎಂದು ನಾನು ಸೇರಿಸಿದೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಏಕೆಂದರೆ ಅಷ್ಟರಲ್ಲಿ ಚಿಕ್ಕಪ್ಪನಿಗೆ ಬೇರೆಯೇ ನೆನಪು ಕೆರಳಿತ್ತು.

ಚಿಕ್ಕಪ್ಪ: ಆ ಪ್ರವಾಸದ ವ್ಯಾನಿನ ಬಾಡಿಗೆ ಕೊಟ್ಟವನು ನಾನು. ಇಂದಿನವರೆಗೂ ಯಾರೂ ಅದರ ಮಾತೆತ್ತಿಲ್ಲ.

ಭಾವ: ಡೀಸೆಲ್ ಹಾಕಿಸಿದವನು ನಾನು. ಮದುವೆಯಾಗಿ ವರ್ಷ ತುಂಬದ ಅಳಿಯನಿಂದ ಡೀಸೆಲಿನ ದುಡ್ಡು ವಸೂಲಿ ಮಾಡಿದ ಮನೆ ಇದು.

ಚಿಕ್ಕಪ್ಪ: ಆಧಾರ ಎಲ್ಲಿ?

ಒಂಬತ್ತೂವರೆಯ ಹೊತ್ತಿಗೆ ನ್ಯೂಜೆರ್ಸಿಯ ಅತ್ತಿಗೆ ಬಂದರು. ಅವರ ಮಗಳು ಪುಟ್ಟಿ ಇಲಿನಾಯ್ ರಾಜ್ಯದಲ್ಲಿ ಓದುತ್ತಿದ್ದಾಳೆ. ಕೊಠಡಿಯ ಗೆಳತಿ ಯಹೂದಿ. ಇಡೀ ಗುಂಪಿನಲ್ಲಿ ಈ ವಿಷಯವನ್ನು ಕಣ್ಣಾರೆ ಕಂಡವಳು ಅವಳೊಬ್ಬಳೇ. ಅತ್ತಿಗೆಯ ಸಂದೇಶ ಉದ್ದವಾಗಿತ್ತು:

“ಪುಟ್ಟಿ ಫೋನಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ದೊಡ್ಡ ಮಾವ ಒತ್ತಕ್ಷರಗಳನ್ನು ಕ್ಷಮಿಸಬೇಕು. ಇದು ಸರ್ಕಾರದ್ದೂ ಅಲ್ಲ, ವಿಶ್ವವಿದ್ಯಾಲಯದ್ದೂ ಅಲ್ಲ. ಯಹೂದಿ ವಿದ್ಯಾರ್ಥಿಗಳಿಗಾಗಿ ಇರುವ ಹಿಲೆಲ್ ಎಂಬ ಸಂಸ್ಥೆ. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಂಜಮಿನ್ ಫ್ರಾಂಕೆಲ್ ಎಂಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಆರಂಭಿಸಿದರು. ಈಗ ನೂರಾರು ಕಾಲೇಜುಗಳಲ್ಲಿದೆ, ದಾನಿಗಳ ಹಣದಿಂದ ನಡೆಯುತ್ತದೆ. ಪರೀಕ್ಷೆ ಇಲ್ಲ, ಅಂಕ ಇಲ್ಲ, ಪದವಿಗೂ ಅದಕ್ಕೂ ಸಂಬಂಧವಿಲ್ಲ. ಹತ್ತು ವಾರಗಳ ಒಂದು ಅಧ್ಯಯನಕೂಟ, ಬೇಕಾದವರು ಸೇರಬಹುದು. ಪುಟ್ಟಿಯ ಗೆಳತಿ ಸೇರಿದ್ದಾಳೆ. ನಡೆಸುವವಳು ರಬ್ಬಿ ಅಲ್ಲ, ಕಾಲೇಜು ಮುಗಿಸಿ ಮೂರು ನಾಲ್ಕು ವರ್ಷವಾದ ಹುಡುಗಿ. ತರಬೇತಿ ಅಂಥವರಿಗೆ.

ಮೊದಲ ವಾರವೇ ಒಬ್ಬ ಹುಡುಗ ಕೇಳಿದನಂತೆ: ನನ್ನ ತಂದೆ ಯಹೂದಿ, ತಾಯಿ ಅಲ್ಲ. ನಾನು ಯಾರು? ಸಂಪ್ರದಾಯಸ್ಥರ ಪ್ರಕಾರ ಯಹೂದಿತನ ತಾಯಿಯಿಂದಲೇ ಬರಬೇಕು. ರಿಫಾರ್ಮ್ ಎಂಬ ಸುಧಾರಣಾವಾದಿ ಪಂಥದ ರಬ್ಬಿಗಳು 1983ರಲ್ಲಿ ತಂದೆಯ ಕಡೆಯಿಂದಲೂ ಆಗಬಹುದು, ಆದರೆ ಆ ಬಾಳನ್ನು ಬಾಳಿ ತೋರಿಸಬೇಕು ಎಂದು ನಿರ್ಣಯಿಸಿದರು. ಆ ಕೋಣೆಯಲ್ಲಿ ಎರಡೂ ಮನೆಗಳ ಮಕ್ಕಳಿದ್ದರು. ಹುಡುಗಿ ತೀರ್ಪು ಕೊಡಲಿಲ್ಲ. ಎರಡೂ ವಾದಗಳ ಮೂಲಪಾಠಗಳನ್ನು ಹಾಳೆಯಲ್ಲಿ ಹಂಚಿ, ಇಬ್ಬಿಬ್ಬರಾಗಿ ಕೂರಿಸಿ, ನಿಮಗೆ ಒಪ್ಪಿಗೆಯಾಗದ ಹಾಳೆಯ ಪರ ವಾದಿಸಿ ಎಂದಳು. ಆ ಹುಡುಗನನ್ನು ಮಾತ್ರ ಅದಕ್ಕೆ ಹಚ್ಚದೆ ತನ್ನ ಜೊತೆ ಕೂರಿಸಿಕೊಂಡು ಓದಿದಳು. ತನ್ನ ಹುಟ್ಟಿಗೆ ವಿರುದ್ಧವಾಗಿ ವಾದಿಸು ಎಂದು ಯಾರಿಗೂ ಹೇಳಬಾರದು ಎಂಬುದು ಅವಳಿಗೆ ತರಬೇತಿಯಲ್ಲಿ ಕಲಿಸಿದ ಪಾಠವಂತೆ. ಹುಡುಗ ಮುಂದಿನ ವಾರವೂ ಬಂದ. ಕೊನೆಯವರೆಗೂ ಬಂದವರಿಗೆ ಸ್ವಲ್ಪ ಗೌರವಧನವನ್ನೂ ಕೊಡುತ್ತಾರೆ.”

ನನಗೆ ಇದು ಚಿನ್ನದಂಥ ಸಂದೇಶ ಎನಿಸಿತು. ಯಾರಿಗೆ ಯಾವ ಪ್ರಶ್ನೆಯನ್ನು ವಾದಕ್ಕೆ ಕೊಡಬೇಕು, ಯಾರನ್ನು ಅದರಿಂದ ಉಳಿಸಬೇಕು ಎಂದು ಇಪ್ಪತ್ತೈದು ವರ್ಷದ ಹುಡುಗಿಗೆ ಕಲಿಸಬಹುದು ಎಂದು ನಾನು ಯೋಚಿಸಿರಲಿಲ್ಲ. ಗುಂಪಿನಲ್ಲಿ ಐದು ಹೆಬ್ಬೆರಳು ಎದ್ದವು.

ಅತ್ತೆ: ಓದಿದ್ದಕ್ಕೆ ಅವರೇ ದುಡ್ಡು ಕೊಡುತ್ತಾರೆಯೇ?

ಚಿಕ್ಕಪ್ಪ: ಎಷ್ಟು?

ಅತ್ತೆ: ಪುಟ್ಟಿ ಅಲ್ಲಿ ಊಟ ಮಾಡುತ್ತಾಳೆಯೇ? ಸಸ್ಯಾಹಾರ ಸಿಗುತ್ತದೆಯೇ?

ಶುಕ್ರವಾರ ಸಂಜೆ ಗೆಳತಿಯ ಜೊತೆ ಹೋಗುತ್ತಾಳೆ, ತೊಂದರೆ ಇಲ್ಲ, ಅವರ ಆಹಾರ ನಿಯಮದಲ್ಲಿ ಹಾಲು ಮತ್ತು ಮಾಂಸ ಒಂದೇ ಊಟದಲ್ಲಿ ಸೇರುವಂತಿಲ್ಲ, ಮಾಂಸದ ಅಡುಗೆಯ ದಿನ ಬೆಣ್ಣೆ ಮೊಸರು ಮೇಜಿಗೇ ಬರುವುದಿಲ್ಲ, ಪಾತ್ರೆಗಳೂ ಬೇರೆ ಎಂದು ಅತ್ತಿಗೆ ಬರೆದರು. ಪಾತ್ರೆ ಬೇರೆ ಎಂದದ್ದೇ ತಡ, ಅತ್ತೆ ಅಜ್ಜಿಯ ಮಡಿ ಅಡುಗೆಮನೆಗೆ ಹೊರಟುಹೋದರು: ಯಾವ ಕೊಡ ಯಾವ ಮೂಲೆಯಲ್ಲಿತ್ತು, ಒದ್ದೆ ಸೀರೆಯನ್ನು ಯಾವ ಕೋಲಿನಿಂದ ಗಳದ ಮೇಲೆ ಹರವುತ್ತಿದ್ದರು, ಶಾಲೆಯಿಂದ ಬಂದ ಮಕ್ಕಳು ಯಾವ ಹೊಸಿಲಿನಲ್ಲಿ ನಿಲ್ಲಬೇಕಿತ್ತು. ಮುಕ್ಕಾಲು ಗಂಟೆ ಯಾರೂ ಅಮೆರಿಕಕ್ಕೆ ಮರಳಲಿಲ್ಲ.

ಮರಳಿಸಿದವನು ನ್ಯೂಜೆರ್ಸಿಯ ಅಣ್ಣ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2020ರ ಸಮೀಕ್ಷೆಯಲ್ಲಿ ಅಮೆರಿಕದ 18ರಿಂದ 29ರ ವಯಸ್ಸಿನ ಯಹೂದಿಗಳಲ್ಲಿ ನೂರಕ್ಕೆ ನಲವತ್ತು ಮಂದಿ ತಮಗೆ ಧರ್ಮವಿಲ್ಲ ಎನ್ನುವವರೇ, ಈ ತರಬೇತಿಗಳ ಹಿಂದಿನ ಆತಂಕ ಅದು ಎಂದ.

ಚಿಕ್ಕಪ್ಪ: ನೋಡಿ! ನಾನು ಬೆಳಿಗ್ಗೆಯಿಂದ ಇದನ್ನೇ ಹೇಳುತ್ತಿದ್ದೇನೆ.

ಭಾವ: ನೀವು ಹೇಳಿದ್ದು ಇದರ ತದ್ವಿರುದ್ಧ. ಅಲ್ಲಿ ಎಲ್ಲರೂ ಧರ್ಮ ಓದುತ್ತಾರೆ ಎಂದು.

ಅಣ್ಣ: ಇನ್ನೊಂದು ಮಾತು. ವಾದದ ಎರಡೂ ಹಾಳೆ ಹಂಚುವ ಈ ಸಂಸ್ಥೆಗೆ ಇಸ್ರೇಲಿನ ವಿಷಯದಲ್ಲಿ ಒಂದು ಗೆರೆ ಇದೆ. 2010ರಲ್ಲಿ ಮಾಡಿಕೊಂಡ ಮಾರ್ಗಸೂಚಿಯಂತೆ ಇಸ್ರೇಲ್ ಬಹಿಷ್ಕಾರವನ್ನು ಬೆಂಬಲಿಸುವವರಿಗೆ ವೇದಿಕೆ ಇಲ್ಲ. 2013ರ ಡಿಸೆಂಬರಿನಲ್ಲಿ ಸ್ವಾರ್ಥ್‌ಮೋರ್ ಕಾಲೇಜಿನ ಹಿಲೆಲ್ ವಿದ್ಯಾರ್ಥಿಗಳು ನಾವು ಆ ಗೆರೆ ಒಪ್ಪುವುದಿಲ್ಲ ಎಂದರು; 2015ರಲ್ಲಿ ಆ ಹೆಸರನ್ನೇ ಬಿಟ್ಟರು. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ, ಆಮೇಲೆ ಗಾಜಾದ ಯುದ್ಧ, 2024ರ ಏಪ್ರಿಲಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನ ಮೇಲೆ ಯುದ್ಧ ವಿರೋಧಿಸಿದ ವಿದ್ಯಾರ್ಥಿಗಳ ಡೇರೆಗಳು. ಕೆಲವು ಯಹೂದಿ ಮಕ್ಕಳು ಆ ಡೇರೆಗಳ ಒಳಗಿದ್ದರು, ಕೆಲವರು ಅದನ್ನು ದಾಟಿ ತರಗತಿಗೆ ಹೋಗಲು ಹೆದರಿದರು. ಆ ವಾರ ಆ ಇಪ್ಪತ್ತೈದರ ಹುಡುಗಿ ಯಾವ ಹಾಳೆ ಹಂಚಬೇಕು?

ಭಾವ: ಇದು ಪ್ರಶ್ನೆ.

ಚಿಕ್ಕಪ್ಪ: ಗುಂಪಿನಲ್ಲಿ ರಾಜಕೀಯ ಬೇಡ.

ದೊಡ್ಡಪ್ಪ: ಬೇಡ.

ಬೆಳಿಗ್ಗೆಯ ಫಾರ್ವರ್ಡು ಯಾವ ಲೆಕ್ಕದಲ್ಲಿ ರಾಜಕೀಯವಲ್ಲ ಎಂದು ನನಗೆ ಇನ್ನೂ ಅರ್ಥವಾಗಿಲ್ಲ. ಇಡೀ ದಿನದಲ್ಲಿ ಉತ್ತರ ಹುಡುಕಬೇಕಾಗಿದ್ದ ಪ್ರಶ್ನೆ ಅಣ್ಣನದೊಂದೇ. ನೂರಾರು ನಿಯಮವಿರುವ ಗುಂಪು ಅದನ್ನೇ ಹೊರಗೆ ಹಾಕಿತು. ದಾನಿಗಳ ಹಣದಲ್ಲಿ ನಡೆಯುವ ಮನೆಯೊಳಗೆ ಸೂಕ್ಷ್ಮವಾಗಿ ಕಲಿಸು ಎಂದು ತರಬೇತಿ ಕೊಡುವುದು ಸುಲಭ, ಆ ಸೂಕ್ಷ್ಮಕ್ಕೆ ಮನೆಯೇ ಒಂದು ಬೇಲಿ ಹಾಕಿದ್ದರೆ ಕಲಿಸುವವಳ ಗತಿ ಏನು ಎಂಬುದು ಕಷ್ಟ. ಪುಟ್ಟಿಯ ಗೆಳತಿಯ ಕೂಟದಲ್ಲಿ ಏನಾಯಿತು ಎಂದು ಕೇಳೋಣವೆಂದಿದ್ದೆ. ದೊಡ್ಡಪ್ಪ ಅಷ್ಟರಲ್ಲಿ ಪೂರ್ವಪಕ್ಷಕ್ಕೆ ಬಂದಿದ್ದರು.

ದೊಡ್ಡಪ್ಪ: ಎದುರಾಳಿಯ ವಾದವನ್ನು ಮೊದಲು ನಾವೇ ಸಮರ್ಥವಾಗಿ ಮಂಡಿಸಿ ಆಮೇಲೆ ಸಿದ್ಧಾಂತ ಹೇಳುವುದು ನಮ್ಮ ಶಾಸ್ತ್ರದ ಪದ್ಧತಿ. ಅವರು ಇಂದು ತರಬೇತಿ ಕೊಟ್ಟು ಕಲಿಸುತ್ತಿರುವುದು ಅದನ್ನೇ. ಇಲ್ಲಿಂದಲೇ ಹೋಗಿರಬೇಕು.

ಅತ್ತಿಗೆ: ಅವರಲ್ಲೂ ಹಳೆಯದು ಮಾವ. ಹಿಲೆಲ್ (ಆ ಸಂಸ್ಥೆಯ ಹೆಸರು ಇವರದೇ) ಮತ್ತು ಶಮ್ಮಾಯ್ ಎಂಬ ಇಬ್ಬರು ಗುರುಗಳ ಶಿಷ್ಯರು ಮೂರು ವರ್ಷ ವಾದಿಸಿದರಂತೆ. ಕೊನೆಗೆ ಆಕಾಶವಾಣಿಯಾಯಿತು: ಎರಡೂ ದೇವರ ಮಾತೇ, ಆದರೆ ನಡೆದುಕೊಳ್ಳುವುದು ಹಿಲೆಲ್ ಮನೆಯವರು ಹೇಳಿದಂತೆ. ಯಾಕೆಂದರೆ ಅವರು ಶಮ್ಮಾಯ್ ಮನೆಯವರ ಮಾತನ್ನೂ ಕಲಿಸುತ್ತಿದ್ದರು, ತಮ್ಮದಕ್ಕಿಂತ ಮೊದಲು ಹೇಳುತ್ತಿದ್ದರು.

ಭಾವ: ಇಲ್ಲಿಂದ ಅಲ್ಲಿಗೆ ಹೋಯಿತು ಎನ್ನುವುದಕ್ಕೆ ಆಧಾರ ಎಲ್ಲಿ ಮಾವ?

ದೊಡ್ಡಪ್ಪ: 1994ರಲ್ಲಿ ತೋಟ ಪಾಲಾಗುವಾಗಲೂ ನೀವು ಹೀಗೆಯೇ ಕೇಳಿದ್ದಿರಿ. ಇದೇ ಧಾಟಿ.

ಗುಂಪು ಸ್ತಬ್ಧವಾಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಆ ವರ್ಷವೇ ಜಾರಿಗೆ ಬಂದಿತ್ತು. ಭಾವ ತೀರ್ಥಹಳ್ಳಿಯ ಜಗಲಿಯಲ್ಲಿ ಅದರ ಪ್ರತಿಯನ್ನು ಇಟ್ಟಿದ್ದರು. ಅದಕ್ಕೆ ಮುಂಚೆ ಮದುವೆಯಾಗಿ ಹೋದವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಸಾಲನ್ನು ದೊಡ್ಡಪ್ಪ ಬೆರಳಿಟ್ಟು ತೋರಿಸಿದ್ದರು. ಕಾನೂನಿನಲ್ಲಿ ಗೆದ್ದದ್ದು ದೊಡ್ಡಪ್ಪ.

ಭಾವ: ಕೇಳಿದ್ದು ನನಗಾಗಿ ಅಲ್ಲ.

ದೊಡ್ಡಪ್ಪ: ಯಾರಿಗಾಗಿ ಎಂದು ಎಲ್ಲರಿಗೂ ತಿಳಿದಿದೆ.

ಆಗ ಅಕ್ಕ ಬರೆದಳು. ದೊಡ್ಡಪ್ಪನ ಮಗಳು, ಭಾವನ ಹೆಂಡತಿ. ಗುಂಪಿನಲ್ಲಿದ್ದಾಳೆ ಎಂಬುದೇ ಅನೇಕರಿಗೆ ಮರೆತಿತ್ತು.

ಅಕ್ಕ: ಅಂದು ಜಗಲಿಯಲ್ಲಿ ನೀವಿಬ್ಬರೂ ನನ್ನ ಪಾಲಿನ ವಿಷಯ ಮಾತಾಡಿದಿರಿ. ನಾನು ಒಳಗೆ ಕಾಫಿ ಸೋಸುತ್ತಿದ್ದೆ. ಬೇಕೇ ಬೇಡವೇ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ.

ಚಿಕ್ಕಪ್ಪ ಗುಲಾಬಿಯ ಚಿತ್ರ ಹಾಕಿದರು. ಏನೂ ತೋಚದಿದ್ದಾಗ ಅವರು ಹಾಕುವುದೇ ಅದು. ಅತ್ತೆ “ಹೋಗಲಿ ಬಿಡು” ಎಂದು ಬರೆದು ಅಳಿಸಿದರು. ಅಳಿಸಿದ ಗುರುತು ಉಳಿಯಿತು.

ಸಂಜೆ ನಾಲ್ಕರ ಹೊತ್ತಿಗೆ ಅತ್ತಿಗೆ ಮತ್ತೊಂದು ಕಥೆ ಹಾಕಿದರು, ಗೆಳತಿಯ ಕೂಟದಲ್ಲಿ ಹೋದ ವಾರ ಓದಿದ್ದಂತೆ. ರಬ್ಬಿ ಯೋಹನಾನ್ ಮತ್ತು ರೇಶ್ ಲಾಕಿಶ್ ಒಟ್ಟಿಗೆ ಓದುವ ಜೋಡಿ. ರೇಶ್ ಲಾಕಿಶ್ ಹಿಂದೆ ದರೋಡೆಕೋರನಾಗಿದ್ದವನು. ಚಾಕು, ಕತ್ತಿ ತಯಾರಾಯಿತು ಎನ್ನುವುದು ಯಾವಾಗ ಎಂದು ವಾದ ಬಂತು. ಕುಲುಮೆಯಲ್ಲಿ ಕಾಯಿಸಿದಾಗ ಎಂದ ಯೋಹನಾನ್, ನೀರಿನಲ್ಲಿ ಉಜ್ಜಿ ಹೊಳಪು ಕೊಟ್ಟಾಗ ಎಂದ ಇವನು. ‘ಕಳ್ಳನಿಗೆ ತನ್ನ ಕಸುಬು ಗೊತ್ತು’ ಎಂದು ಯೋಹನಾನ್ ಚುಚ್ಚಿದ. ಮಾತು ಬೆಳೆಯಿತು, ರೇಶ್ ಲಾಕಿಶ್ ಹಾಸಿಗೆ ಹಿಡಿದು ಸತ್ತ. ಹೊಸ ಜೊತೆಗಾರನನ್ನು ತಂದು ಕೂರಿಸಿದರೆ, ಅವನು ಪ್ರತಿ ಮಾತಿಗೂ ‘ನಿಮಗೆ ಆಧಾರ ಇದೆ’ ಎನ್ನುವವನು. ಯೋಹನಾನ್ ಅತ್ತನಂತೆ: ಅವನಾದರೆ ನನ್ನ ಒಂದು ಮಾತಿಗೆ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ತಾನಾಗಿ ಹರಡಿಕೊಳ್ಳುತ್ತಿತ್ತು.

ಭಾವ: 24 ಎಂದು ಎಣಿಸಿದವರು ಯಾರು? ಆಧಾರ?

ಅತ್ತೆ: ಮತ್ತೆ ಶುರುವಾಯಿತು.

ಅತ್ತಿಗೆ: ಯಹೂದಿಗಳ ಶಾಸ್ತ್ರಗ್ರಂಥ ತಾಲ್ಮುಡ್, ಅದರಲ್ಲಿ ಬಾವಾ ಮೆತ್ಸಿಯಾ ಎಂಬ ಭಾಗ, 84ನೇ ಹಾಳೆ, ಮೊದಲ ಬದಿ. ಸೆಫಾರಿಯಾ ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ಉಚಿತವಾಗಿ ಸಿಗುತ್ತದೆ.

ಇಪ್ಪತ್ತು ನಿಮಿಷ ಭಾವನ ಸುದ್ದಿ ಇಲ್ಲ.

ಭಾವ: ಓದಿದೆ. ಇದೆ. ಆದರೆ ಕತ್ತಿಯ ವಿಷಯದಲ್ಲಿ ರೇಶ್ ಲಾಕಿಶ್ ಹೇಳಿದ್ದೇ ಸರಿ.

ದೊಡ್ಡಪ್ಪ: ಹೇಗೆ ಸರಿ? ಕುಲುಮೆಯಿಂದ ಬಂದ ಮೇಲೆ ಕಬ್ಬಿಣದ ಗುಣ ಬದಲಾಗುವುದಿಲ್ಲ. ಉಜ್ಜುವುದು ಬರಿಯ ಅಲಂಕಾರ.

ಭಾವ: ಕೊಯ್ಯದ ಕತ್ತಿಯನ್ನು ಕತ್ತಿ ಎನ್ನಬೇಕೇ ಮಾವ?

ಚಿಕ್ಕಪ್ಪ: ವ್ಯಾನಿನ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಅಕ್ಕ: ಮಸೆಯದ ಮೆಟ್ಟುಗತ್ತಿಯಲ್ಲಿ ಒಂದು ಮೂಟೆ ಅಡಿಕೆ ಸುಲಿದು ನೋಡಿ, ಆಮೇಲೆ ಇಬ್ಬರೂ ಮಾತಾಡಿ. ಆ ಮನೆಯಲ್ಲಿ ಸುಲಿದವಳು ನಾನು.