ಸಹಾಯ ಬೇಕು: ಕುಡಿತ ಬಿಟ್ಟು 47 ದಿನ, ಮನಸ್ಸು ಮಾತ್ರ ಏಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಬೈತಖೋಲ ಬಂದರಿನಲ್ಲಿ ಮೀನು ಬೋಟಿನ ಕೆಲಸ. ಕೈ ನಡುಕ, ಬೆವರು ಎಲ್ಲ ಮೊದಲ ವಾರದಲ್ಲೇ ಹೋಯಿತು. ಆದರೆ ಮನಸ್ಸು ಕೆಳಗೇ ಇದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಆಮೇಲೆ ನಿದ್ದೆಯಿಲ್ಲ. ಬಂಗಡೆ ಸಾರೂ ರುಚಿಸುತ್ತಿಲ್ಲ. ಮಗಳು ಬಂದು ಮಾತಾಡಿಸಿದರೆ ಸುಮ್ನೆ ಅಳು ಬರುತ್ತದೆ. ಅದರ ಮೇಲೆ ಜುಲೈ 31ರವರೆಗೆ ಮೀನುಗಾರಿಕೆ ಬಂದ್. ದಿನವಿಡೀ ಮಳೆ ನೋಡುತ್ತಾ ಕೂರಬೇಕು. ಗೋವಾ ಗಡಿ ಇಲ್ಲೇ ಪಕ್ಕದಲ್ಲಿ, ಆದರೂ ಕುಡಿಯಲು ಆ ಕಡೆ ಹೋಗಿಲ್ಲ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದೆ. ಸಮಾಧಾನವಾಗಿ ಕೇಳಿಸಿಕೊಂಡು, ಮನೋವೈದ್ಯರನ್ನು ನೋಡಿ ಎಂದರು. ಹೋದೆ. ಕುಡಿತ ಬಿಟ್ಟಾಗ ಬರುವ ಬೇಜಾರು ಹೆಚ್ಚಿನವರಿಗೆ ಮೂರ್ನಾಲ್ಕು ವಾರದಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ಖಿನ್ನತೆಗೇ ಬೇರೆ ಚಿಕಿತ್ಸೆ ಬೇಕಾಗಬಹುದು ಎಂದು ಡಾಕ್ಟರ್ ಮಾತ್ರೆ ಬರೆದರು. ಅಣ್ಣ ಮಾತ್ರ "ಒಂದು ಚಟ ಬಿಟ್ಟು ಇನ್ನೊಂದು ಹಿಡೀಬೇಡ" ಅನ್ನುತ್ತಾನೆ. ಅವನಿಗೂ ನನ್ನದೇ ಚಿಂತೆ. ಚೀಟಿ ಇನ್ನೂ ಜೇಬಲ್ಲೇ ಇದೆ. ಸಾಯುವ ಯೋಚನೆ ಇಲ್ಲ, ಮನೆಯವರು ಜೊತೆಗಿದ್ದಾರೆ.

ಈ ಹಂತ ದಾಟಿದವರು ದಯವಿಟ್ಟು ಹೇಳಿ. ನೀವು ಮಾತ್ರೆ ತೆಗೆದುಕೊಂಡಿರಾ? ಎಷ್ಟು ದಿನಕ್ಕೆ ಮನಸ್ಸು ಹಗುರಾಯಿತು? ಆಮೇಲೆ ಮಾತ್ರೆ ಬಿಡಲು ಕಷ್ಟವಾಯಿತೇ?