ಸಾಸೋ ಗ್ರೇವಿಯೋ: ಅಮೆರಿಕದ ಇಟಾಲಿಯನ್ನರ ಭಾನುವಾರದ ಊಟ (ಅಂತರ್ಜಾಲ ಚರ್ಚೆ)

ಭಾನುವಾರದ ಭಟ್ಟ: ನಾನಿರುವುದು ನ್ಯೂಜೆರ್ಸಿಯಲ್ಲಿ. ಪಕ್ಕದ ಮನೆಯವರ ಮುತ್ತಜ್ಜ ಇಟಲಿಯ ಕಲಾಬ್ರಿಯಾದಿಂದ ಬಂದವನು. ನಾಲ್ಕು ತಲೆಮಾರಾದರೂ ಇವತ್ತಿಗೂ ಭಾನುವಾರ ಮಧ್ಯಾಹ್ನ ಅಜ್ಜಿ ಮನೆಯಲ್ಲಿ ಹದಿನಾಲ್ಕು ಎಲೆ. ಬೆಳಗ್ಗೆಯಿಂದಲೇ ಒಲೆ ಮೇಲೆ ಟೊಮ್ಯಾಟೊ ಸಾಸ್. ಸಂಸಾರದ ಮೌಲ್ಯ ಅಂದರೆ ಇದು. ಇಂಥ ಸಂಸಾರ ಆಯುಸ್ಸನ್ನೂ ಹೆಚ್ಚಿಸುತ್ತದೆ. ಪೆನ್ಸಿಲ್ವೇನಿಯಾದ ರೊಸೆಟೊ ಊರು ನೋಡಿ. ಎಲ್ಲರೂ ಇಟಲಿಯ ಒಂದೇ ಹಳ್ಳಿಯ ಕಡೆಯವರು. ಗಂಡಸರು ಸ್ಲೇಟು ಗಣಿಯಲ್ಲಿ ದುಡಿದರು, ಹಂದಿ ಕೊಬ್ಬಿನಲ್ಲಿ ಕರಿದದ್ದನ್ನು ತಿಂದರು. ಆದರೂ 1960ರ ದಶಕದಲ್ಲಿ ಡಾಕ್ಟರುಗಳು ನೋಡಿದಾಗ ಪಕ್ಕದ ಬ್ಯಾಂಗರ್ ಊರಿಗಿಂತ ಹೃದಯಾಘಾತದ ಸಾವು ಎಷ್ಟೋ ಕಡಿಮೆ ಇತ್ತು. ಕಾರಣ ಒಂದೇ ಸೂರಿನಡಿ ಮೂರು ತಲೆಮಾರು.

ಸೆರಗು ಕಟ್ಟಿದವಳು: "ಹದಿನಾಲ್ಕು ಎಲೆ" ಅಂತ ಬರೆದಿರಿ. ಬಡಿಸಿದ್ದು ಯಾರು? ನ್ಯೂಯಾರ್ಕಿನ ವಠಾರಗಳಲ್ಲಿ ಆ ಅಜ್ಜಿಯರ ತಾಯಂದಿರು ಹಗಲು ಮನೆಯಲ್ಲೇ ಕೂತು ಬಟ್ಟೆಗೆ ಗುಂಡಿ ಹೊಲಿದರು, ಕಾಗದದ ಹೂವು ಕಟ್ಟಿದರು. ಸಂಜೆ ಬಾಡಿಗೆಗಿದ್ದ ಗಂಡಸರಿಗೂ ಅಡುಗೆ ಮಾಡಿದರು. ಮಕ್ಕಳನ್ನು ಶಾಲೆ ಬಿಡಿಸಿ ದುಡಿಸಿದರು. ಇದೂ ಸಂಸಾರದ ಮೌಲ್ಯವೇ ಅಲ್ವಾ?

ಭಾನುವಾರದ ಭಟ್ಟ: "ಶಾಲೆ ಬಿಡಿಸಿ"? ಲಿಯೊನಾರ್ಡ್ ಕವೆಲ್ಲೊ ಹೆಸರು ಕೇಳಿದ್ದೀರಾ? ಇಟಲಿಯ ಅವಿಲ್ಯಾನೊ ಊರಿನ ಹುಡುಗ. 1934ರಲ್ಲಿ ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನ ಬೆಂಜಮಿನ್ ಫ್ರಾಂಕ್ಲಿನ್ ಹೈಸ್ಕೂಲಿಗೆ ಮೊದಲ ಪ್ರಿನ್ಸಿಪಾಲ್ ಆದ.

ಸೆರಗು ಕಟ್ಟಿದವಳು: ಆದ. ಆದರೆ ಮನೆಯಲ್ಲಿ ಅವನ ಹೆಸರು ಕೊವಿಯೆಲ್ಲೊ. ಟೀಚರಿಗೆ ನಾಲಿಗೆ ತಿರುಗಲಿಲ್ಲ ಅಂತ ಒಂದು ಅಕ್ಷರ ಕತ್ತರಿಸಿ ಕವೆಲ್ಲೊ ಮಾಡಿದರು. ಮನೆಯಲ್ಲಿ ತಾಯಿ ಒಪ್ಪಲೇ ಇಲ್ಲ. ಶಾಲೆಗೂ ಸಂಸಾರಕ್ಕೂ ಎಳೆದಾಟ ಇತ್ತು ಅನ್ನುವುದಕ್ಕೆ ನೀವೇ ಉದಾಹರಣೆ ಕೊಟ್ಟಿರಿ.

ಫಿಲ್ಲಿ ಗೌಡ: ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಿ. ಅದು ಸಾಸ್ ಅಲ್ಲ, ಗ್ರೇವಿ. ದಕ್ಷಿಣ ಫಿಲಾಡೆಲ್ಫಿಯಾದಲ್ಲಿ ಸಾಸ್ ಅಂದರೆ ಮುಖ ನೋಡುತ್ತಾರೆ. ಮಾಂಸ ಬಿದ್ದರೆ ಗ್ರೇವಿ.

ಭಾನುವಾರದ ಭಟ್ಟ: ಗ್ರೇವಿ ಅಂದರೆ ಗೋಬಿ ಮಂಚೂರಿಗೆ ಹಾಕುವುದು ಸ್ವಾಮಿ. ನಮ್ಮ ಬೀದಿಯಲ್ಲಿ ಎಲ್ಲರೂ ಸಾಸ್ ಅನ್ನುತ್ತಾರೆ.

ಫಿಲ್ಲಿ ಗೌಡ: ನಿಮ್ಮ ಬೀದಿ ಯಾವಾಗ ಇಟಲಿ ಆಯಿತು?

ಬೊಲೊನ್ಯ ವಿದ್ಯಾರ್ಥಿನಿ: ಇಟಲಿಯಲ್ಲಿ ಎರಡೂ ಅಲ್ಲ. ಸೂಗೊ ಅಂತಾರೆ, ಮಾಂಸ ಹಾಕಿ ಬೇಯಿಸಿದರೆ ರಾಗು. ನೇಪಲ್ಸ್‌ನವರು ಅದನ್ನು ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಇಡುತ್ತಾರೆ. ಗುಳ್ಳೆ ಏಳುವ ಸದ್ದಿಗೇ ಅವರಲ್ಲಿ ಒಂದು ಪದ ಇದೆ, "ಪಿಪ್ಪಿಯಾರೆ". ಆದರೆ ಅಮೆರಿಕಕ್ಕೆ ಹೋದವರು ಹೆಚ್ಚಿನವರು ದಕ್ಷಿಣದ ಬಡ ರೈತರು. ಊರಲ್ಲಿ ಅವರಿಗೆ ಮಾಂಸ ಸಿಗುತ್ತಿದ್ದದ್ದು ಹಬ್ಬಕ್ಕೆ. ವಾರವಾರ ಮಾಂಸದುಂಡೆ, ಸಾಸೇಜು ಹಾಕಿದ ಆ ಪಾತ್ರೆ ಅಮೆರಿಕದಲ್ಲಿ ಹುಟ್ಟಿದ್ದು. ಅಮೆರಿಕದ ಇಟಾಲಿಯನ್ನರು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾಡುವ "ಏಳು ಮೀನಿನ ಹಬ್ಬ" ಅಂದರೂ ಇಲ್ಲಿ ಇಟಲಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆ ರಾತ್ರಿ ಮೀನು ತಿನ್ನುತ್ತಾರೆ, ಲೆಕ್ಕ ಇಡುವುದಿಲ್ಲ.

ಫಿಲ್ಲಿ ಗೌಡ: "ಅಮೆರಿಕದಲ್ಲಿ ಹುಟ್ಟಿದ್ದು." ಕೇಳಿಸಿತಾ ಭಟ್ರೇ? ಅಮೆರಿಕದಲ್ಲಿ ಹುಟ್ಟಿದ್ದಕ್ಕೆ ಅಮೆರಿಕದ ಹೆಸರು. ಗ್ರೇವಿ.

ಭಾನುವಾರದ ಭಟ್ಟ: ಸಾಸ್ ಏನು ಚೀನಾದ ಹೆಸರಾ? ಸುಮ್ನೆ ಹಟ ಮಾಡಬೇಡಿ. ಎರಡೂ ಇಂಗ್ಲಿಷೇ.

ಸೆರಗು ಕಟ್ಟಿದವಳು: ಗಂಡಸರು ಒಲೆ ಹತ್ತಿರ ಹೋಗದೆ ಪಾತ್ರೆಗೆ ನಾಮಕರಣ ಮಾಡುತ್ತಿದ್ದಾರೆ.

ಪೂರ್ತಿ ಓದಿ: ಯಾರಾದರೂ ರೊಸೆಟೊ ಕತೆಯನ್ನು ಕೊನೆತನಕ ಓದಿದ್ದೀರಾ? ಅದೇ ಸಂಶೋಧಕರು 1935ರಿಂದ 1985ರವರೆಗಿನ ಸಾವಿನ ದಾಖಲೆ ಹೋಲಿಸಿದರು. ಆ ವ್ಯತ್ಯಾಸ ಉಳಿಯಲಿಲ್ಲ. ಕೊನೆಗೆ ರೊಸೆಟೊ ಬ್ಯಾಂಗರ್‌ನ ಮಟ್ಟಕ್ಕೇ ಬಂತು.

ಭಾನುವಾರದ ಭಟ್ಟ: ಕೂಡು ಸಂಸಾರ ಒಡೆಯಿತು, ಹೃದಯವೂ ಒಡೆಯಿತು. ನಾನು ಹೇಳಿದ್ದೂ ಅದನ್ನೇ.

ಪೂರ್ತಿ ಓದಿ: ನೀವು ಹೇಳಿದ್ದು ನಾಲ್ಕು ತಲೆಮಾರಾದರೂ ಇವತ್ತಿಗೂ ಬಿಟ್ಟಿಲ್ಲ ಅಂತ. ಮೇಲೆ ಹೋಗಿ ನೋಡಿ. ಇನ್ನೊಂದು, ಆ ಮುತ್ತಜ್ಜನ ಕಾಲದಲ್ಲಿ ಅಮೆರಿಕಕ್ಕೆ ಬಂದ ಇಟಾಲಿಯನ್ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನ ದುಡಿದು ವಾಪಸ್ ಹೋದರು. ಅಷ್ಟು ವರ್ಷ ಹೆಂಡತಿ ಊರಲ್ಲಿ ಒಬ್ಬಳೇ. ದಕ್ಷಿಣ ಇಟಲಿಯಲ್ಲಿ ಅವರನ್ನು "ಬಿಳಿ ವಿಧವೆಯರು" ಅನ್ನುತ್ತಿದ್ದರು. ಸಂಸಾರ ಒಡೆದುಕೊಂಡೇ ಈ ಕತೆ ಶುರುವಾಗಿದ್ದು.

ಫಿಲ್ಲಿ ಗೌಡ: "ದುಡಿದು ವಾಪಸ್ ಹೋದರು." ಯಾರಿಗೋಸ್ಕರ ದುಡಿದರು? ಸಂಸಾರಕ್ಕೇ ತಾನೇ?

ಸೆರಗು ಕಟ್ಟಿದವಳು: ದುಡಿಮೆ ಲೆಕ್ಕಕ್ಕೆ ಬಂತಲ್ಲ, ಸಂತೋಷ. ಹಾಗಾದರೆ ಭಟ್ರು ಒಂದು ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿ. ಪಕ್ಕದ ಮನೆಯಲ್ಲಿ ಊಟ ಆದ ಮೇಲೆ ಪಾತ್ರೆ ತೊಳೆಯುವವರು ಯಾರು?

ಭಾನುವಾರದ ಭಟ್ಟ: ನಾನು ಅಡುಗೆಮನೆಗೆ ಹೋಗಿಲ್ಲ. ಗಂಡಸರು ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತಾ ಕೂತಿರುತ್ತೇವೆ.

ಸೆರಗು ಕಟ್ಟಿದವಳು: "ಕೂತಿರುತ್ತೇವೆ." ಆಹಾ.

ಫಿಲ್ಲಿ ಗೌಡ: ಯಾರೇ ತೊಳೆಯಲಿ, ಪಾತ್ರೆಗೆ ಅಂಟಿದ್ದು ಗ್ರೇವಿ.