ಸಹಾಯ ಬೇಕು: ಸಿಗರೇಟ್ ಬಿಟ್ಟೆ, ಉಳಿದ ದುಡ್ಡು ಕೈಯಲ್ಲಿ ನಿಲ್ತಿಲ್ಲ

ಎಲ್ರಿಗೂ ನಮಸ್ಕಾರ. ಸಿಗರೇಟ್ ಬಿಟ್ಟು ಇವತ್ತಿಗೆ 19 ದಿನ ಆಯ್ತು. ಮೊದಲ ಮೂರು ದಿನ ತಲೆನೋವು, ನಿದ್ದೆ ಇಲ್ಲ, ಮನೇಲಿ ಎಲ್ರ ಮೇಲೂ ರೇಗಾಡ್ಬಿಟ್ಟೆ, ಈಗ ಪರವಾಗಿಲ್ಲ.

ನನ್ನನ್ನ ಬಿಡಿಸಿದ್ದು ಒಂದು ಲೆಕ್ಕ. ದಿನಕ್ಕೆ 10 ತಾನೆ ಅನ್ಕೊಂಡಿದ್ದೆ, ಮಗಳ ನೋಟ್‌ಬುಕ್ಕಿನ ಕೊನೇ ಪೇಜಲ್ಲಿ ಗುಣಿಸಿ ನೋಡಿದ್ರೆ ವರ್ಷಕ್ಕೆ 3,650, ನಾನು ಸೇದಿದ್ದು 12 ವರ್ಷ, ಅಂದ್ರೆ 43,800 ಸಿಗರೇಟು! ಅದನ್ನ ಒಂದರ ಬೆಲೆಗೆ ಗುಣಿಸಿ ಬಂದ ಮೊತ್ತ ನೋಡಿ ಪೆನ್ ಕೆಳಗಿಟ್ಟು ಸುಮ್ನೆ ಕೂತ್ಬಿಟ್ಟೆ, ಅವಳ ಕಾಲೇಜ್ ಫೀಸಿಗೆ ಇಡಬೇಕಾಗಿದ್ದ ದುಡ್ಡು ಅದು. ಲೈಟರ್, ಬಾಯಿ ವಾಸನೆಗೆ ಅಂತ ತಗೊಳ್ತಿದ್ದ ಮಿಂಟ್ ಇದ್ರಲ್ಲಿ ಸೇರೇ ಇಲ್ಲ.

ಈಗ ಸಮಸ್ಯೆ ಏನಂದ್ರೆ ಉಳಿದಿದ್ದು ಕಣ್ಣಿಗೆ ಕಾಣ್ತಿಲ್ಲ, ಚಿಲ್ರೆ ಚಿಲ್ರೆಯಾಗಿ ಬೇರೆ ಖರ್ಚಿಗೆ ಹೋಗ್ತಿದೆ. ಬಿಟ್ಟವರು ಯಾರಾದ್ರೂ ಇದ್ರೆ ಹೇಳಿ, ದಿನಾ ಡಬ್ಬಿಗೆ ಹಾಕ್ತಿದ್ರಾ ಇಲ್ಲಾ ತಿಂಗಳ ಮೊದಲೇ ಬೇರೆ ಅಕೌಂಟಿಗೆ ಕಳಿಸ್ತಿದ್ರಾ?

ಇನ್ನೊಂದು, ನಿಕೋಟಿನ್ ಗಮ್, ಅಂದ್ರೆ ಸಿಗರೇಟಿನ ಚಪಲ ತಡೆಯೋಕೆ ಅಗಿಯೋ ಚೂಯಿಂಗ್ ಗಮ್. ನಾನು ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೇ ಮೊದಲ ಸಿಗರೇಟ್ ಹಚ್ತಿದ್ದೆ, ಅದಕ್ಕೆ ಡಾಕ್ಟ್ರು 4 ಮಿಲಿಗ್ರಾಂದು ಕೊಟ್ಟಿದ್ದಾರೆ, 12 ವಾರ ತಗೊಂಡು ನಿಧಾನಕ್ಕೆ ಕಮ್ಮಿ ಮಾಡು ಅಂದ್ರು. ಇದಕ್ಕೂ ಖರ್ಚಾಗ್ತಿದೆ, ಆದ್ರೆ ದುಡ್ಡು ಉಳಿಸೋಕೆ ಹೋಗಿ ಮಧ್ಯದಲ್ಲೇ ನಿಲ್ಸಿ ಮತ್ತೆ ಸಿಗರೇಟಿಗೆ ಬಿದ್ರೆ ಅನ್ನೋ ಭಯ. ನೀವು ಪೂರ್ತಿ ತಗೊಂಡ್ರಾ?

ಹಾಗೇ ಲೈಫ್ ಇನ್ಶೂರೆನ್ಸಲ್ಲಿ ಸೇದೋರಿಗೆ ಪ್ರೀಮಿಯಂ ಜಾಸ್ತಿ ಅಲ್ವಾ, ಬಿಟ್ಟ ಮೇಲೆ ಅದನ್ನ ಕಮ್ಮಿ ಮಾಡಿಸ್ಕೊಂಡೋರು ಇದ್ರೆ ಎಷ್ಟು ತಿಂಗಳು ಕಾಯ್ಬೇಕಾಯ್ತು, ಗಮ್ ತಗೊಳ್ತಿರೋವಾಗ ಇನ್ಶೂರೆನ್ಸಿನವರ ಟೆಸ್ಟಲ್ಲಿ ನಿಕೋಟಿನ್ ಬಂದು ತೊಂದ್ರೆ ಆಯ್ತಾ ಅಂತ ದಯವಿಟ್ಟು ತಿಳಿಸಿ.